ಹಳದಿ ಚೌಕ

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಭಾಷಣ ಕಲಿಸುವ ಸಂಸ್ಥೆ ಇತ್ತು. ಒಂದು ಉದ್ದನೆಯ ಕೊಠಡಿ, ಮಡಚುವ ಕುರ್ಚಿಗಳು, ತಿರುಗುವಾಗ ಕಟಕಟ ಎನ್ನುವ ಗೋಡೆ ಫ್ಯಾನು, ಬಾಗಿಲ ಹೊರಗೆ ಆಳೆತ್ತರದ ಬಣ್ಣದ ಫೋಟೊ. ಫೋಟೊದಲ್ಲಿ ಮೈಕು ಹಿಡಿದು ನಗುತ್ತಿದ್ದವನು ಭಾವ. ಒಳಗೆ ಪಾಠ ಮಾಡುತ್ತಿದ್ದವಳು ಅವನ ನಾದಿನಿ.

ವಿದ್ಯಾರ್ಥಿಗಳು ಅವಳಿಗೆ 'ಸುತ್ತಿಗೆ ಮೇಡಂ' ಎಂದು ಹೆಸರಿಟ್ಟಿದ್ದರು. ಸುತ್ತಿ ಬಳಸಿ ಮಾತಾಡುವುದು ಅವಳ ಜಾಯಮಾನವಲ್ಲ. ಏನಿದ್ದರೂ ಕಡ್ಡಿ ಮುರಿದ ಹಾಗೆ. ಕೊಠಡಿಯ ಮುಂಭಾಗದಲ್ಲಿ ನೆಲಕ್ಕೆ ಹಳದಿ ಟೇಪು ಅಂಟಿಸಿ ಅವಳೊಂದು ಚೌಕ ಮಾಡಿದ್ದಳು. ಪಾಠದ ಕೊನೆಗೆ ದಿನವೂ ಒಬ್ಬರು ಅದರೊಳಗೆ ನಿಂತು ಮಾತಾಡಬೇಕು. ಉಳಿದವರು ಕೇಳಬಾರದು. ಆಕಳಿಸಬೇಕು, ಕೆಮ್ಮಬೇಕು, ಕುರ್ಚಿ ಎಳೆಯಬೇಕು, ಕೊಂಕು ತೆಗೆಯಬೇಕು. ಮಾತು ಮುಗಿಸದೆ ಕಾಲು ಹೊರಗಿಟ್ಟವರು ಮರುದಿನ ಮತ್ತೆ ನಿಲ್ಲಬೇಕು. ಗದ್ದಲ ನಿಲ್ಲಿಸುವ ಅಧಿಕಾರ ಅವಳೊಬ್ಬಳಿಗೆ, ಅದೂ 'ಸಾಕು' ಎಂಬ ಒಂದೇ ಮಾತಿನಿಂದ.

"ಚಪ್ಪಾಳೆ ತಟ್ಟೋರ ಮುಂದೆ ಗಿಳೀನೂ ಮಾತಾಡುತ್ತೆ," ಎನ್ನುತ್ತಿದ್ದಳು. "ಎದ್ದು ಹೋಗೋರ ಮುಂದೆ ಮಾತಾಡೋದು ಕಲೀರಿ."

ಆ ವಾರ ಒಬ್ಬ ಹುಡುಗಿ ಚೌಕದೊಳಗೆ ಅತ್ತಳು. ಅವಳಪ್ಪ ಬಂದು ಕೂಗಾಡಿ ಹೋದ ಮೇಲೆ ಭಾವ ನಾದಿನಿಯನ್ನು ತನ್ನ ಮೇಜಿನ ಮುಂದೆ ನಿಲ್ಲಿಸಿಕೊಂಡ. ಕೂರು ಎನ್ನಲಿಲ್ಲ.

"ನೋಡಮ್ಮ, ಇದು ಭಾಷಣದ ಕ್ಲಾಸು. ಪೊಲೀಸ್ ಠಾಣೆ ಅಲ್ಲ."

"ಅವಳು ಅತ್ತಳು, ಆದ್ರೆ ಮಾತು ಮುಗಿಸಿದಳು ಭಾವ. ಎರಡನೇದನ್ನ ಅವರಪ್ಪ ಹೇಳ್ಲಿಲ್ವಾ?"

"ಅವರಪ್ಪ ಹೇಳಿದ್ದನ್ನ ಕೇಳಿದ್ರೆ ನಿನ್ನ ಕಿವಿ ತೂತು ಬೀಳ್ತಿತ್ತು. ನಾಳೆ ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲರು ಬರ್ತಿದಾರೆ. ಅವರ ಕಾಲೇಜಿನ ಮಕ್ಕಳಿಗೆಲ್ಲ ಪಾಠ ಬೇಕಂತೆ. ನಾನೇ ಮಾತಾಡ್ತೀನಿ. ನೀನು ಹಿಂದಿನ ಸಾಲಲ್ಲಿ ಕೂತ್ಕೋ. ಮುಂದಿನ ತಿಂಗಳಿಂದ ಎಲ್ಲ ನನ್ನ ವಿಡಿಯೊ ಪಾಠ. ನೀನು ಫೋನು, ಅಡ್ಮಿಷನ್ನು ನೋಡ್ಕೊ."

"ಈ ಕೊಠಡಿ?"

"ಟಿವಿ ಹಾಕಿಸ್ತೀನಿ. ಟಿವಿ ಯಾರನ್ನೂ ಅಳಿಸಲ್ಲ."

"ಯಾರನ್ನೂ ನಿಲ್ಲಿಸೋದೂ ಇಲ್ಲ."

ಪಕ್ಕದಲ್ಲಿ ರಸೀದಿ ಹರಿಯುತ್ತಿದ್ದ ಅಕ್ಕ ತಲೆ ಎತ್ತಿದಳು. "ಸಿಕ್ಕ ಸಿಕ್ಕ ಕೆಲಸ ಬಿಟ್ಟು ಬಂದೋಳಿಗೆ ಇವರು ನೆರಳು ಕೊಟ್ಟಿದಾರೆ. ನೆಟ್ಟಗೆ ಕೈ ಮುಗಿಯೋದು ಬಿಟ್ಟು ವಾದ ಮಾಡ್ತೀಯಲ್ಲೇ?"

ಅವಳು ಹೊರಬಂದಳು. ಸಂಸ್ಥೆಯ ಹೆಸರು, ಫೋಟೊ, ಬಂದವರ ನಮಸ್ಕಾರ, ಯಾವುದೂ ಅವಳಿಗೆ ಬೇಕಿರಲಿಲ್ಲ. ಎಲ್ಲವನ್ನೂ ಭಾವನೇ ಇಟ್ಟುಕೊಳ್ಳಲಿ. ಆ ಉದ್ದನೆಯ ಕೊಠಡಿಯಲ್ಲಿ ಪಾಠ ಮಾಡುವುದೊಂದು ತನಗೆ ಉಳಿದರೆ ಸಾಕಿತ್ತು. ಅದನ್ನೇ ಕಿತ್ತುಕೊಳ್ಳುತ್ತಿದ್ದರು.

ಮರುದಿನ ಪ್ರಾಂಶುಪಾಲೆ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ದಪ್ಪ ಅಂಚಿನ ಕನ್ನಡಕ, ಮಡಿಲಲ್ಲಿ ಕೈಚೀಲ, ಮುಖದಲ್ಲಿ ಇನ್ನೂ ಯಾವ ತೀರ್ಮಾನವೂ ಇಲ್ಲ. ಭಾವ ಹೊಸ ಕೋಟು ತೊಟ್ಟಿದ್ದ. ಅಂದು ತರಿಸಿದ್ದ ಸ್ಲೈಡಿನ ಪರದೆಯ ಪಕ್ಕ ನಿಲ್ಲಲು ಜಾಗ ಹುಡುಕುತ್ತ ಹೋಗಿ ಹಳದಿ ಚೌಕದ ನಡುವೆ ನಿಂತ. ಆ ಚೌಕ ಯಾತಕ್ಕೆಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಪಾಠ ನಡೆಯುವಾಗ ಅವನು ಒಳಗೆ ಕಾಲಿಟ್ಟಿದ್ದೇ ಇಲ್ಲ.

"ಯಶಸ್ವಿ ಮಾತಿಗೆ ಏಳು ಸೂತ್ರಗಳು," ಎಂದು ಪರದೆ ನೋಡಿ ಓದಿದ.

ಮೂರನೆಯ ಸಾಲಿನಲ್ಲಿದ್ದ ಹುಡುಗ ಹಿಂದಕ್ಕೆ ತಿರುಗಿ ಶಿಕ್ಷಕಿಯನ್ನು ನೋಡಿದ. ಗದ್ದಲದಲ್ಲಿ ಅವನನ್ನು ಮೀರಿಸುವವರಿರಲಿಲ್ಲ; ಗೆಳೆಯರು ಅವನನ್ನು ಕೆಮ್ಮಣ್ಣ ಎಂದೇ ಕರೆಯುತ್ತಿದ್ದರು. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಸೆರಗಿನ ತುದಿಯಿಂದ ಕನ್ನಡಕ ಒರೆಸತೊಡಗಿದಳು. ಚೌಕದೊಳಗೆ ನಿಂತವರಿಗೆ ವಿನಾಯಿತಿ ಇಲ್ಲ ಎಂದು ಅವಳೇ ಹೇಳಿಕೊಟ್ಟಿದ್ದಳು.

ಕೆಮ್ಮಣ್ಣ ಕೆಮ್ಮಿದ. ಒಣಗಿದ ಬೋರ್‌ವೆಲ್ ಕೊರೆದ ಹಾಗಿತ್ತು ಆ ಕೆಮ್ಮು. ಹಿಂದೆಯೇ ಒಂದು ಕುರ್ಚಿ ಕಿರುಗುಟ್ಟಿತು. ಕಿಟಕಿಯ ಬಳಿ ಇಬ್ಬರು ಎದ್ದು ಹೊರಗಿನ ಬಸ್ಸು ನೋಡುತ್ತ ನಿಂತರು.

"ಸರ್, ಪರದೆ ಮೇಲಿರೋದನ್ನೇ ಓದ್ತಿದೀರಲ್ಲ. ನಮಗೂ ಅಕ್ಷರ ಬರುತ್ತೆ."

"ಏಳೇ ಯಾಕೆ ಸರ್? ಎಂಟನೇದು ದಾರೀಲಿ ಬಿದ್ದೋಯ್ತಾ?"

ಭಾವ ನಕ್ಕ. ಫೋಟೊದ ನಗೆಯೇ ಅದು, ಆದರೆ ಈ ಸಲ ಎರಡೂ ಕಡೆ ಸಮನಾಗಿ ಬರಲಿಲ್ಲ. "ಪ್ರಶ್ನೆಗಳು ಕೊನೆಯಲ್ಲಿ," ಎಂದು ಎರಡನೆಯ ಸೂತ್ರಕ್ಕೆ ಹೋದ. 'ಆತ್ಮವಿಶ್ವಾಸ' ಎಂದು ಓದುವಷ್ಟರಲ್ಲಿ, ಮೊನ್ನೆ ಚೌಕದಲ್ಲಿ ಅತ್ತಿದ್ದ ಹುಡುಗಿ ಎದ್ದು ನಿಂತಳು.

"ಸರ್, ನಿಮ್ಮ ಕೈ ನಡುಗ್ತಿದೆ. ನೀರು ತರ್ಲಾ?"

ಇಡೀ ಕೊಠಡಿ ಹೋ ಎಂದಿತು. ಭಾವನ ಮುಖ ಕೆಂಪಾಯಿತು.

"ಏನ್ರೋ ಇದು? ಸಂತೆ ಅನ್ಕೊಂಡ್ರಾ? ಒಬ್ಬೊಬ್ಬರ ಅಪ್ಪಂಗೂ ಫೋನ್ ಮಾಡ್ತೀನಿ, ನೋಡ್ತಿರಿ!" ಎಂದು ಬೆರಳು ತೋರಿಸುತ್ತ ಮುಂದೆ ಬಂದ. ಕಾಲು ಟೇಪನ್ನು ದಾಟಿತು.

"ಕಾಲು ಹೊರಗೆ!" ಎಂದು ಎಲ್ಲರೂ ಒಂದೇ ದನಿಯಲ್ಲಿ ಕೂಗಿದರು. "ನಾಳೆ ಮತ್ತೆ ನಿಲ್ಬೇಕು ಸರ್!"

"ಸಾಕು," ಎಂದಳು ಶಿಕ್ಷಕಿ.

ನಲ್ಲಿ ತಿರುಗಿಸಿದ ಹಾಗೆ ಸದ್ದು ನಿಂತಿತು. ಪ್ರಾಂಶುಪಾಲೆ ಮೊದಲ ಬಾರಿಗೆ ಹಿಂದಕ್ಕೆ ತಿರುಗಿದರು.

"ಇದೇನು ನಡೀತಿದೆ?"

"ಪಿತೂರಿ ಮೇಡಂ," ಎಂದ ಭಾವ. "ಮನೆಯೊಳಗಿನ ಪಿತೂರಿ. ಇವಳು ನನ್ನ ನಾದಿನಿ. ಹುಡುಗರನ್ನ ಎತ್ತಿಕಟ್ಟಿದಾಳೆ."

"ನಾನು ಕಟ್ಟಲೂ ಇಲ್ಲ, ಬಿಚ್ಚಲೂ ಇಲ್ಲ," ಎಂದಳು ಅವಳು. "ಅದು ನಮ್ಮ ಪಾಠ. ಆ ಚೌಕದಲ್ಲಿ ನಿಂತೋರಿಗೆಲ್ಲ ಹೀಗೇ. ಭಾವನಿಗೆ ಗೊತ್ತಿಲ್ಲ, ಅವರು ಇಲ್ಲಿಗೆ ಬಂದವರಲ್ಲ."

"ಗೊತ್ತಿಲ್ಲ ಅಂತ ನಿಮಗೆ ಗೊತ್ತಿತ್ತಲ್ಲ. ಮತ್ತೆ 'ಸಾಕು' ಯಾಕೆ ತಡವಾಯ್ತು?"

ಅವಳು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದಳು. ಪ್ರಾಂಶುಪಾಲೆಗೆ ಅದೇ ಉತ್ತರವೆನಿಸಿರಬೇಕು. ಗಡಿಯಾರ ನೋಡಿಕೊಂಡು ಚೌಕದತ್ತ ಕೈ ತೋರಿಸಿದರು. "ನೀವು ನಿಲ್ಲಿ. ಈ ಪಾಠ ನಮ್ಮ ಮಕ್ಕಳಿಗೆ ಯಾಕೆ ಬೇಕು, ಅಷ್ಟು ಹೇಳಿ. ನಿಮ್ಮ ಹುಡುಗರು ಬಾಯಿ ಮುಚ್ಕೊಂಡಿರಬಾರದು."

ಅವಳು ಹೋಗಿ ನಿಂತಳು. ವಿದ್ಯಾರ್ಥಿಗಳು ಗುರುದಕ್ಷಿಣೆಯಲ್ಲಿ ಏನೂ ಬಾಕಿ ಉಳಿಸಲಿಲ್ಲ. ಕೆಮ್ಮು, ಆಕಳಿಕೆ, ಪಿಸಪಿಸ, "ಮೇಡಂ, ಇದನ್ನ ಮೊನ್ನೇನೂ ಹೇಳಿದ್ರಿ." ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಕೆಮ್ಮಿನ ಸಂದಿನಲ್ಲಿ ಮಾತು ಇಡುತ್ತಾ ಹೋದಳು.

"ಮಾತಾಡೋಕೆ ಧೈರ್ಯ ಬೇಕು ಅಂತಾರೆ. ಎದೆ ಹೊಡ್ಕೊಳ್ಳಲಿ ಬಿಡಿ, ಅದರ ಪಾಡಿಗೆ ಅದು. ಎದುರಿಗಿರೋರು ಕೇಳಲಿಲ್ಲ ಅಂದ್ರೂ ನಾವು ಆಡ್ತಿರೋ ವಾಕ್ಯ..."

"ಅಬ್ಬಬ್ಬಾ, ಏನು ಮಾತು!"

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಗದ್ದಲ ಕೇಳಿ ಬಂದವಳು ಗಂಡನ ಮುಖ ನೋಡಿದ್ದಳು, ಅಷ್ಟು ಸಾಕಾಗಿತ್ತು.

"ಮನೇಲಿ ಉಪ್ಪು ಬೇಕಾದ್ರೂ ಬಾಯಿ ಬಿಡಲ್ಲ, ಕೈ ಚಾಚ್ತಾಳೆ. ಊಟಕ್ಕೆ ಬಾ ಅಂದ್ರೆ ತಲೆ ಆಡಿಸ್ತಾಳೆ. ಒಂದೇ ಸೂರಿನಡಿ ಇದ್ದು 'ಅಕ್ಕಾ, ಹೇಗಿದೀಯ' ಅಂತ ಒಂದು ದಿನ ಕೇಳಿದೋಳಲ್ಲ. ಇವಳು ಲೋಕಕ್ಕೆ ಮಾತು ಕಲಿಸ್ತಾಳೆ! ಉಂಡ ಮನೆಯ ಜಂತೆ ಎಣಿಸೋಳೇ, ನಿನ್ನ ನಾಲಿಗೆ ಹೊರಗಿನವರಿಗೆ ಮಾತ್ರಾನಾ?"

ಕೆಮ್ಮಣ್ಣ ಕೆಮ್ಮುವುದನ್ನು ಮರೆತ. ಎಳೆದ ಕುರ್ಚಿ ಅರ್ಧಕ್ಕೇ ನಿಂತಿತು. ಅಡ್ಡಿಪಡಿಸುವವರು ಎದುರಾದಾಗ ಏನು ಮಾಡಬೇಕೆಂದು ಅವಳು ಎಲ್ಲರಿಗೂ ಕಲಿಸಿದ್ದಳು: ಕಡಿದ ವಾಕ್ಯವನ್ನು ಕಡಿದ ಜಾಗದಿಂದಲೇ ಎತ್ತಿಕೊಳ್ಳಿ. ಈಗ ಆ ಜಾಗ ಸಿಗಲಿಲ್ಲ. ಅಕ್ಕ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಬಲಗಾಲು ತಾನಾಗಿಯೇ ಟೇಪಿನ ಕಡೆಗೆ ಸರಿಯಿತು. ಎಲ್ಲರೂ ಆ ಕಾಲನ್ನೇ ನೋಡುತ್ತಿದ್ದರು; ಭಾವ ಎಲ್ಲರಿಗಿಂತ ಹೆಚ್ಚಾಗಿ.

"ನಿಂತೋಯ್ತಾ ಭಾಷಣ?" ಎಂದಳು ಅಕ್ಕ.

"ನಾವು ಆಡ್ತಿರೋ ವಾಕ್ಯ," ಎಂದಳು ತಂಗಿ. ದನಿ ಬಿರುಕು ಬಿಟ್ಟಿತ್ತು. ಅದನ್ನು ಮುಚ್ಚುವ ಗೋಜಿಗೆ ಅವಳು ಹೋಗಲಿಲ್ಲ. "ವಾಕ್ಯ ನಮ್ಮದೇ. ಅದನ್ನ ಮುಗಿಸೋದು ನಮ್ಮ ಕೆಲಸ. ಬೈಯೋರು ಕೆಲವು ಸಲ ನಿಜಾನೇ ಹೇಳ್ತಿರ್ತಾರೆ. ಆಗಲೂ ಮುಗಿಸಬೇಕು. ಇದನ್ನ ಕಲಿಸೋಕೆ ನನಗೆ ಈ ಪಾಠ ಬೇಕು. ನಿಮ್ಮ ಮಕ್ಕಳಿಗೂ ಬೇಕಾಗಬಹುದು. ಇಷ್ಟೇ."

ಅವಳು ಚೌಕದಿಂದ ಹೊರಬಂದಳು. ಚಪ್ಪಾಳೆ ತಟ್ಟುವ ಪದ್ಧತಿ ಅಲ್ಲಿರಲಿಲ್ಲ, ಯಾರೂ ತಟ್ಟಲಿಲ್ಲ.

ಭಾವ ಕೂಡಲೇ ಕೋಟು ಸರಿಮಾಡಿಕೊಂಡ. "ನಮ್ಮ ಸಂಸ್ಥೆಯ ವಿಧಾನವೇ ಇದು ಮೇಡಂ. ನನ್ನ ಹೆಂಡತಿ ಕೂಡ ಅಭಿನಯದಲ್ಲಿ..."

"ಅಭಿನಯ ಅನ್ನಬೇಡಿ," ಎಂದರು ಪ್ರಾಂಶುಪಾಲೆ. "ನನಗೂ ಒಬ್ಬ ಅಕ್ಕ ಇದಾಳೆ." ಆಮೇಲೆ ಶಿಕ್ಷಕಿಯ ಕಡೆ ತಿರುಗಿದರು. "ನಮ್ಮ ಹುಡುಗಿಯರು ವಾರ್ಡಿನ ಬಾಗಿಲಲ್ಲಿ ನಿಂತು ರೋಗಿಯ ಕಡೆಯವರಿಗೆ ಕೆಟ್ಟ ಸುದ್ದಿ ಹೇಳಬೇಕು. ಅಲ್ಲಿ ಯಾರೂ ಹುಸಿ ಕೆಮ್ಮು ಕೆಮ್ಮಲ್ಲ. ಪಾಠ ನೀವೇ ಮಾಡೋದಾದ್ರೆ ಒಪ್ಪಿಗೆ. ಇವರು ಫೋನಲ್ಲಿ ಹೇಳಿದ ವಿಡಿಯೊ ಬೇಡ. ಆದರೆ ನಿಮ್ಮ ಅಕ್ಕನೂ ಬರಬೇಕು. ಅವರಿಲ್ಲದಿದ್ದರೆ ಇದು ಮಕ್ಕಳಾಟ."

"ನಾನ್ಯಾಕೆ ಬರ್ಲಿ?" ಎಂದಳು ಅಕ್ಕ. "ಅವಳ ಪಾಠ ಉಳಿದ್ರೆ ನನಗೇನು? ಬೇಕಿದ್ದೋಳು ಬಾಯಿ ಬಿಟ್ಟು ಕರೀಲಿ."

ಶಿಕ್ಷಕಿ ಬಾಗಿಲಿನವರೆಗೆ ನಡೆದಳು. ಚೌಕದೊಳಗೆ ನಿಂತಾಗಿನದಕ್ಕಿಂತ ಈಗ ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

"ಅಕ್ಕಾ, ಬಾ. ನೀನಿಲ್ಲದೆ ಈ ಪಾಠ ನಡೆಯಲ್ಲ."

ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಹರಿದ ನೋಟು ನೋಡುವ ಹಾಗೆ.

"ಬರ್ತೀನಿ. ಆದ್ರೆ ನಿನ್ನ ಮೇಲಿನ ಸಿಟ್ಟು ಇಳೀತು ಅನ್ಕೋಬೇಡ."

"ಇಳಿಸ್ಕೋಬೇಡ. ಅದು ಇಳಿದ ದಿನ ಪಾಠ ಮುಗೀತು."

"ಆ ಚಿಂತೆ ನಿನಗೆ ಬೇಡ," ಎಂದು ಅಕ್ಕ ರಸೀದಿ ಬರೆಯಲು ಹೋದಳು.