ಗುಂಡಿಗಳ ಅಂಗಡಿ

ಮೂರನೇ ಕ್ಲಾಸಿನ ಟೀಚರಿಗೆ ಆ ತಿಂಗಳು ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಮಕ್ಕಳಿಗೆ ದುಡ್ಡಿನ ಬೆಲೆ ಕಲಿಸಲು ಅವರು ಹೂಡಿದ ಆಟ ಅಷ್ಟು ಚೆನ್ನಾಗಿ ಹತ್ತಿಕೊಂಡಿತ್ತು. ಟೈಲರಾದ ತಮ್ಮ ಗಂಡನ ಅಂಗಡಿಯಲ್ಲಿ ಉಳಿದ ಅಂಗಿಯ ಗುಂಡಿಗಳೇ ಕ್ಲಾಸಿನ ಹಣ. ಹೋಂವರ್ಕ್ ಮಾಡಿದರೆ ಒಂದು ಗುಂಡಿ, ಬೋರ್ಡ್ ಒರೆಸಿದರೆ ಒಂದು. ಶುಕ್ರವಾರ ಟೀಚರ ಮೇಜೇ ಅಂಗಡಿ, ಪೆನ್ಸಿಲ್, ರಬ್ಬರ್, ಸ್ಟಿಕರ್ ಎಲ್ಲ ಅಲ್ಲಿ ಸಿಗುತ್ತಿತ್ತು. ಹೆಡ್‌ಮೇಡಂ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೊಗಳಿದ ಮೇಲಂತೂ ಕೇಳಬೇಕೆ! ಟೀಚರ್ ಹಿರಿಹಿರಿ ಹಿಗ್ಗಿದರು.

ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದವಳು ವರ್ಷದ ನಡುವೆ ಬಂದು ಸೇರಿದ ಹುಡುಗಿ. ಮಕ್ಕಳ ಬಾಯಲ್ಲಿ ಅವಳಿನ್ನೂ ‘ಹೊಸಬಳು’. ಯಾರೂ ಹೇಳದೆಯೇ ಕಸ ಗುಡಿಸುವಳು, ನೋಟ್‌ಬುಕ್ ಜೋಡಿಸುವಳು, ಗುಂಡಿ ಕೈಗೆ ಬಿದ್ದೊಡನೆ ಪುಟ್ಟ ಡಬ್ಬಿಗೆ ಹಾಕಿ ಮುಚ್ಚುವಳು. ಆದರೆ ಒಂದು ಶುಕ್ರವಾರವೂ ಅಂಗಡಿಯತ್ತ ಸುಳಿದವಳಲ್ಲ. ಕೂಡಿಡುವ ಬುದ್ಧಿ ಎಂದುಕೊಂಡ ಟೀಚರ್, ಉಳಿದವರೂ ನೋಡಿ ಕಲಿಯಲಿ ಎಂದು ಒಂದು ದಿನ ಅವಳ ಡಬ್ಬಿ ತೆಗೆಸಿದರು. ಒಳಗೆ ಒಂದೂ ಗುಂಡಿಯಿಲ್ಲ. ಹುಡುಗಿ ತಲೆ ತಗ್ಗಿಸಿದಳು.

ಅನುಮಾನ ನೇರ ಚೂಟಿಯ ಮೇಲೆ ಹೋಯಿತು. ಚೂಟಿ ಎಂದರೆ ಮುಂದಿನ ಬೆಂಚಿನವಳು, ಅರಳು ಹುರಿದಂತೆ ಮಾತಾಡುವವಳು. ಶುಕ್ರವಾರ ಬಂದರೆ ಅರ್ಧ ಅಂಗಡಿ ಅವಳದೇ. ಟೀಚರ್ ಅವಳನ್ನು ವರಾಂಡಕ್ಕೆ ಕರೆದು ಕಣ್ಣು ಕೆಕ್ಕರಿಸಿದರು.

“ಹೊಸಬಳ ಗುಂಡಿ ಕದ್ದೆಯಾ?”

“ಅಯ್ಯೋ, ಕದಿಯೋದ್ಯಾಕೆ ಟೀಚರ್? ಅದು ನನ್ನ ಸಂಬಳ.”

“ಯಾವ ಕೆಲಸಕ್ಕೆ ಸಂಬಳ?”

“ಊಟಕ್ಕೆ ಅವಳ ಪಕ್ಕ ಕೂತ್ಕೊಂಡ್ರೆ ಒಂದು ಗುಂಡಿ. ಗೇಟಿನ ತನಕ ಕೈ ಹಿಡ್ಕೊಂಡು ಹೋದ್ರೆ ಎರಡು. ಅವಳೇ ಕೇಳಿದ್ದು. ಕೆಲಸ ಮಾಡಿದವರಿಗೆ ಕೂಲಿ ಕೊಡ್ಬೇಕು ಅಂತ ನೀವೇ ಹೇಳ್ಕೊಟ್ರಲ್ಲ!”

ಟೀಚರಿಗೆ ಮೈ ಉರಿಯಿತು. “ಸ್ನೇಹಕ್ಕೆ ಕೂಲೀನಾ? ನಾಚಿಕೆ ಆಗಲ್ವೇನೇ ನಿಂಗೆ?”

“ಸುಮ್ನೆ ಯಾರು ಕೂರ್ತಾರೆ ಟೀಚರ್?” ಚೂಟಿ ನಿಜವಾಗಿಯೂ ಬೆರಗಾಗಿ ಕೇಳಿದಳು. “ತಲೇಲಿ ಹೇನಿದೆ ಅಂತ ಮೊದಲ ದಿನ ನೀವೇ ಅವಳನ್ನ ಹಿಂದಿನ ಬೆಂಚಲ್ಲಿ ಒಬ್ಬಳನ್ನೇ ಕೂರಿಸಿದ್ರಲ್ಲ.”

ನಾಲ್ಕು ದಿನದ ಮಟ್ಟಿಗೆ ಎಂದು ಕೂರಿಸಿದ್ದು ಅದು. ಆಮೇಲೆ ಗುಂಡಿಯ ಗಡಿಬಿಡಿಯಲ್ಲಿ ಟೀಚರ್ ಮರೆತೇ ಬಿಟ್ಟಿದ್ದರು. ತಮ್ಮ ಮೇಲೆ ತಮಗೇ ಬಂದ ಸಿಟ್ಟನ್ನು ಯಾರ ಮೇಲಾದರೂ ತೀರಿಸಬೇಕಲ್ಲ, ಗುಂಡಿಗಳ ಮೇಲೆ ತೀರಿಸಿದರು. ಅವತ್ತೇ ಎಲ್ಲರ ಡಬ್ಬಿ ಖಾಲಿ ಮಾಡಿಸಿ, ಅಂಗಡಿ ಮುಚ್ಚಿತೆಂದು ಸಾರಿದರು. ಹೊಸಬಳನ್ನು ಮುಂದಿನ ಸಾಲಿಗೆ, ಚೂಟಿಯ ಪಕ್ಕಕ್ಕೇ ತಂದು ಕೂರಿಸಿ, ಇನ್ನು ಎಲ್ಲರೂ ಸ್ನೇಹದಿಂದ ಇರಬೇಕು ಎಂದು ಉದ್ದದ ಭಾಷಣ ಬಿಗಿದರು. ಭಾಷಣ ಕೇಳಿ ಸ್ನೇಹ ಮಾಡಿದ ಮಕ್ಕಳನ್ನು ಯಾರು ಕಂಡಿದ್ದಾರೆ?

ಮರುದಿನ ಊಟದ ಗಂಟೆ ಹೊಡೆದದ್ದೇ ತಡ, ಚೂಟಿ ತನ್ನ ಊಟದ ಡಬ್ಬಿ ಎತ್ತಿಕೊಂಡು ಗೆಳತಿಯರ ಗುಂಪಿಗೆ ಓಡಿದಳು. ಹೊಸಬಳು ಬೆಂಚಿನಲ್ಲಿ ಒಬ್ಬಳೇ ಉಳಿದಳು. ಊಟದ ಡಬ್ಬಿಯ ಮುಚ್ಚಳ ತೆಗೆದು, ಬಾಗಿಲ ಕಡೆ ನೋಡಿ, ಮತ್ತೆ ಮುಚ್ಚಿದಳು. ಸ್ಟಾಫ್ ರೂಮಿಗೆ ಹೊರಟಿದ್ದ ಟೀಚರ್ ತಿರುಗಿ ಬಂದು ಅವಳ ಪಕ್ಕದಲ್ಲಿ ಕುಳಿತರು.

“ಬಾ ಕಂದಾ, ಇವತ್ತು ನಾವಿಬ್ಬರೂ ಜೊತೆಗೆ ಊಟ ಮಾಡೋಣ.”

ಹುಡುಗಿಗೆ ಗಾಬರಿಯಾಯಿತು. ಅವಸರ ಅವಸರವಾಗಿ ಜೇಬು ತಡಕಿದಳು, ಬ್ಯಾಗಿನ ತಳ ತಡಕಿದಳು. ಏನೂ ಸಿಗಲಿಲ್ಲ. ಆಮೇಲೆ ತನ್ನ ಅಂಗಿಯ ಮೇಲಿನ ಗುಂಡಿಗೇ ಕೈ ಹಾಕಿ, ದಾರ ಕಿತ್ತು ಬರುವ ತನಕ ಎಳೆದು, ಅಂಗೈಯಲ್ಲಿಟ್ಟು ಚಾಚಿದಳು.

“ಇದು ನಡೆಯುತ್ತಾ ಟೀಚರ್?”