ಬಾಗಿಲ ಬಳಿ ಸವೆದ ವಾರ್ನಿಷ್

ಗ್ರಂಥಾಲಯದಿಂದ ಫೋನ್ ಬಂದಾಗ ಅಕ್ಕ ಅಂಗಡಿಯಲ್ಲಿ ವಾರ್ನಿಷ್ ಡಬ್ಬಗಳನ್ನು ಜೋಡಿಸುತ್ತಿದ್ದಳು. ಮರದ ನೆಲಗಳನ್ನು ಯಂತ್ರದಿಂದ ಉಜ್ಜಿ, ಹೊಸದಾಗಿ ವಾರ್ನಿಷ್ ಬಳಿದುಕೊಡುವುದು ಅವಳ ಮತ್ತು ತಮ್ಮನ ಕಸುಬು. ಅಪ್ಪ ತೀರಿಕೊಂಡ ಮೇಲೆ ಇಬ್ಬರೂ ಸೇರಿ ಅದನ್ನು ನಡೆಸಿಕೊಂಡು ಬಂದಿದ್ದರು.

“ಒಂದ್ಸಲ ಬಂದು ನೋಡಿ,” ಎಂದರು ಗ್ರಂಥಾಲಯದ ಮೇಡಂ. ದನಿಯಲ್ಲಿ ಕೋಪವಿರಲಿಲ್ಲ, ಅದೇ ಅವಳನ್ನು ಹೆಚ್ಚು ಹೆದರಿಸಿತು. “ಬಾಗಿಲಿಂದ ಕೌಂಟರ್‌ವರೆಗೂ ನೆಲ ಬಿಳುಚಿಕೊಂಡಿದೆ. ಐದಾರು ವರ್ಷ ಏನೂ ಆಗಲ್ಲ ಅಂದಿದ್ರಿ. ಇನ್ನೂ ವರ್ಷ ಕೂಡ ತುಂಬಿಲ್ಲ.”

ಆ ನೆಲದ ಕೊನೆಯ ಕೋಟುಗಳನ್ನು ತಮ್ಮ ಒಬ್ಬನೇ ಬಳಿದಿದ್ದ. ಅವಳು ಆಗ ಜ್ವರ ಬಂದು ಮಲಗಿದ್ದಳು. ಆಗಿನಿಂದಲೇ ಅವನ ಕೈಯಿಂದ ಲೋಟ ಜಾರಿ ಬೀಳುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದ. ಕೇಳಿದರೆ “ಗಮನ ಎಲ್ಲೋ ಇತ್ತು ಬಿಡು” ಎಂದು ತಪ್ಪಿಸಿಕೊಳ್ಳುತ್ತಿದ್ದ. ಅಪ್ಪನ ಕುಡಿತವೂ ಮೊದಮೊದಲು ಹೀಗೆಯೇ ಕಂಡಿತ್ತು. ಆ ಅನುಮಾನ ತಲೆಯೊಳಗೆ ಹೊಕ್ಕಿದ್ದೇ ಹುಳದಂತೆ ಕೊರೆಯತೊಡಗಿತ್ತು.

ಒಂದು ಕೋಟು ಒಣಗಿದ ಮೇಲೆ ನಯವಾಗಿ ಉಜ್ಜದೆ ಇನ್ನೊಂದು ಬಳಿದರೆ ಮೇಲಿನದು ಹಿಡಿಯುವುದಿಲ್ಲ, ಸಿಪ್ಪೆಯಂತೆ ಏಳುತ್ತದೆ. ಇವನು ಉಜ್ಜಲೇ ಇಲ್ಲವೇನೋ. ಆದರೆ ಕೇಳುವುದು ಹೇಗೆ?

“ಏನಂತೆ?” ವ್ಯಾನ್ ಹತ್ತುತ್ತ ತಮ್ಮ ಕೇಳಿದ.

“ಲೈಬ್ರರಿ ಬಾಗಿಲ ಹತ್ರ ಸವೆದಿದ್ಯಂತೆ.”

ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

ಹೋಗಿ ನೋಡಿದರೆ ಹುಲ್ಲಿನ ನಡುವೆ ಕಾಲುದಾರಿ ಬಿದ್ದ ಹಾಗೆ ಬಾಗಿಲಿನಿಂದ ಕೌಂಟರಿನವರೆಗೆ ಮರ ಬೂದುಬಣ್ಣಕ್ಕೆ ತಿರುಗಿತ್ತು. ತಮ್ಮ ಹೊಸ್ತಿಲಲ್ಲೇ ನಿಂತು ಅದನ್ನು ನೋಡಿದ, ಒಳಗೆ ಬರಲಿಲ್ಲ.

“ಮೇಡಂ, ಆ ಮೂಲೆಯ ಕಪಾಟು ಸ್ವಲ್ಪ ಸರಿಸಬಹುದಾ?” ಎಂದಳು ಅಕ್ಕ. ಯಾರೂ ತುಳಿಯದ ಜಾಗದಲ್ಲೂ ವಾರ್ನಿಷ್ ಎದ್ದುಬಂದರೆ ತಪ್ಪು ತಮ್ಮನದೇ.

ಮೇಡಂ ಜೊತೆ ಸೇರಿ ಅವಳು ಕಪಾಟು ಜರುಗಿಸಿದಳು. ಕೆಳಗಿನ ನೆಲ ನಿನ್ನೆ ಬಳಿದಂತೆ ಹೊಳೆಯುತ್ತಿತ್ತು. ಅಷ್ಟಕ್ಕೇ ಅವಳಿಗೆ ಸಮಾಧಾನವಾಗಲಿಲ್ಲ. ಉಗುರಿನಿಂದ ಕೆರೆದಳು. ಅಂಟುಪಟ್ಟಿಯನ್ನು ಒತ್ತಿ ಅಂಟಿಸಿ ಸರಕ್ಕನೆ ಕಿತ್ತಳು. ಒಂದು ಚೂರೂ ಮೇಲೇಳಲಿಲ್ಲ. ಹಾಗಾದರೆ ಅವನು ಸರಿಯಾಗಿಯೇ ಉಜ್ಜಿದ್ದಾನೆ!

ಬಾಗಿಲ ಬಳಿ ಮಂಡಿಯೂರಿ ಅಂಗೈ ಆಡಿಸಿದಳು. ಸಣ್ಣ ಮರಳು ಚುಚ್ಚಿತು.

“ಇಲ್ಲಿ ಕಾಲೊರಸು ಇತ್ತಲ್ಲ ಮೇಡಂ?”

“ಒಬ್ಬರು ಎಡವಿ ಬಿದ್ರು, ನಾನೇ ತೆಗೆಸ್ದೆ. ಆಮೇಲೆ ಎದುರುಗಡೆ ಪೈಪಿಗೆ ಅಂತ ರಸ್ತೆ ಅಗೆದ್ರಲ್ಲ...” ಮೇಡಂ ತಮ್ಮ ಮಾತನ್ನು ತಾವೇ ತಡೆದು ಹಣೆ ಚಚ್ಚಿಕೊಂಡರು. “ಅಯ್ಯೋ, ಬರೋರೆಲ್ಲ ಕಾಲಿಗೆ ಸ್ಯಾಂಡ್‌ಪೇಪರ್ ಕಟ್ಕೊಂಡೇ ಓಡಾಡಿದ ಹಾಗಾಯ್ತಲ್ರೀ!”

ಅಕ್ಕ ಹಿಂತಿರುಗಿ ನೋಡಿದರೆ ತಮ್ಮನಿಲ್ಲ. ಹೊರಗೆ ಮೆಟ್ಟಿಲ ಮೇಲೆ ಎಡಗೈಯಿಂದ ಬಲಗೈ ನೀವಿಕೊಳ್ಳುತ್ತ ಕೂತಿದ್ದ.

“ನಿನ್ನ ಕೆಲಸದಲ್ಲಿ ತಪ್ಪಿಲ್ಲ ಕಣೋ. ಮರಳಿಂದ ಸವೆದಿರೋದು.”

ಅವನು ತಲೆಯೆತ್ತಿದಾಗ ಕಣ್ಣು ತುಂಬಿತ್ತು. “ನಿಜವಾಗ್ಲೂ? ನನ್ನಿಂದಲೇ ಹಾಳಾಯ್ತು ಅಂದ್ಕೊಂಡಿದ್ದೆ ಅಕ್ಕ. ಈ ಕೈ ಮರಗಟ್ಟಿಹೋಗಿದೆ. ಉಜ್ಜಿದ್ದು ನುಣುಪಾಯ್ತೋ ಇಲ್ವೋ, ಮುಟ್ಟಿದ್ರೆ ಗೊತ್ತೇ ಆಗ್ತಿರ್ಲಿಲ್ಲ. ನೆಲಕ್ಕೆ ಕೆನ್ನೆ ಇಟ್ಟು ನೋಡ್ದೆ.”

“ಹೇಳೋದಲ್ವೇನೋ!”

“ಹೇಳಿದ್ರೆ ನೀನು ಮಿಷನ್ ಮುಟ್ಟಕ್ಕೆ ಬಿಡ್ತಿದ್ಯಾ? ಬೇರೆ ಏನು ಬರುತ್ತೆ ನಂಗೆ?”

ಅಕ್ಕ ಅವನ ಪಕ್ಕ ಕೂತಳು. “ನೀನು ಕುಡೀತಿದ್ದೀಯ ಅಂತ ಅಂದ್ಕೊಂಡಿದ್ದೆ.”

“ಅಪ್ಪನ ಥರಾನಾ?” ಅವನಿಗೆ ನಗು ಬಂತು. ಅವಳಿಗೆ ಬರಲಿಲ್ಲ. ಆ ಬೆರಳುಗಳನ್ನು ಒಂದೊಂದಾಗಿ ಹಿಸುಕಿ “ಗೊತ್ತಾಗುತ್ತಾ? ಇದು?” ಎಂದು ಕೇಳುತ್ತ ಹೋದಳು, ಆಮೇಲೆ ಅಲ್ಲಿಂದಲೇ ಅವನನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು.

ಉಜ್ಜುವ ಯಂತ್ರದ ನಡುಕಕ್ಕೆ ವರ್ಷಗಟ್ಟಲೆ ಸಿಕ್ಕಿ ಮಣಿಕಟ್ಟಿನ ನರ ಒತ್ತಿಕೊಂಡಿದೆ ಎಂದರು ಡಾಕ್ಟರು. ಶಸ್ತ್ರಚಿಕಿತ್ಸೆ ಆಯಿತು. ಗ್ರಂಥಾಲಯಕ್ಕೆ ರಜೆಯಿದ್ದ ದಿನ ಸವೆದ ಜಾಗವನ್ನು ಅಕ್ಕನೇ ಉಜ್ಜಿ ಬಳಿದಳು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ತಮ್ಮ ಕುರ್ಚಿಯಲ್ಲಿ ಕೂತು “ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ” ಎಂದು ಅವಳ ಜೀವ ತಿಂದ. ಜಾರದಂಥ ಅಗಲದ ಕಾಲೊರಸನ್ನು ಮೇಡಂ ತಾವೇ ಆರಿಸಿ ತಂದರು.

ಈಗ ಅವನ ಹೆಬ್ಬೆರಳಿಗೂ ತೋರುಬೆರಳಿಗೂ ಸ್ಪರ್ಶ ಮರಳಿದೆ. ನಡುಬೆರಳಿಗೆ ಇನ್ನೂ ಇಲ್ಲ. ಬರಬಹುದು, ಕಾಯಬೇಕು ಎಂದಿದ್ದಾರೆ. ಯಂತ್ರ ಅಕ್ಕನ ಕೈಯಲ್ಲಿದೆ. ಸಂಜೆ ಅದನ್ನು ನಿಲ್ಲಿಸಿದ ಮೇಲೆ ಅವಳು ಅವನಿಗೆ ಕಾಣದ ಹಾಗೆ ತನ್ನ ಬೆರಳುಗಳನ್ನೂ ಒಂದೊಂದಾಗಿ ಮಡಚಿ ನೋಡಿಕೊಳ್ಳುತ್ತಾಳೆ.