ಮಧುಕರ ಕಾವಲು ಕಾದ ಕಂಪ್ಯೂಟರ್

ನಮ್ಮ ಕಡೆ ಕೆಲವು ಮನೆಗಳಲ್ಲಿ ಒಂದು ಅಭ್ಯಾಸ. ಒಳ್ಳೆಯ ಸಾಮಾನು ಬಂತೆಂದರೆ ಅದು ನೇರ ಅಟ್ಟ ಹತ್ತುತ್ತದೆ. ಮಧುಕರನ ಮನೆಯಲ್ಲೂ ಹಾಗೇ. ಮದುವೆಗೆ ಬಂದ ಮಿಕ್ಸರ್, ಮಗಳು ಪ್ರೇಕ್ಷಾ ಏಳನೇ ತರಗತಿಗೆ ಬಂದರೂ ಪೆಟ್ಟಿಗೆ ಬಿಟ್ಟು ಹೊರಗೆ ಬಂದಿರಲಿಲ್ಲ. ಹೆಂಡತಿ ಹೀರಾ ಈಗಲೂ ಮೀನುಸಾರಿನ ಮಸಾಲೆಯನ್ನು ಒರಳಲ್ಲೇ ಕಡೆಯುತ್ತಿದ್ದಳು. ಕೇಳಿದರೆ ಮಧುಕರನ ಉತ್ತರ ಒಂದೇ: "ಹಾಳಾದ್ರೆ ಮತ್ತೆ ಯಾರು ತಂದು ಕೊಡ್ತ್ರು?"

ಇಂಥ ಮಧುಕರ 2006ರಲ್ಲಿ ಊರ ಶಾಲೆಯ ಸಮಿತಿಗೆ ಅಧ್ಯಕ್ಷನಾದ. ಅಂಕೋಲೆ ಹತ್ತಿರದ ಬೊಬ್ರುವಾಡದ ಆಚೆ, ಕಡಲಗಾಳಿ ನೇರ ಬಂದು ಬಡಿಯುವ ಸಣ್ಣ ಊರು ಅದು. ಅದೇ ವರ್ಷ ಕಾರವಾರದ ಕಚೇರಿಯೊಂದು ಹೊಸ ಯಂತ್ರ ತರಿಸಿದಾಗ ತನ್ನ ಹಳೆಯ ಕಂಪ್ಯೂಟರನ್ನು ಶಾಲೆಗೆ ಕೊಟ್ಟಿತು. ಬಳಸಿದ್ದಾದರೂ ಗಟ್ಟಿಮುಟ್ಟಾಗಿತ್ತು, ಶಾಲೆಗೆ ಬಿಡಿಗಾಸಿನ ಖರ್ಚಿರಲಿಲ್ಲ. ಮಧುಕರನಿಗೆ ಹಿಗ್ಗೋ ಹಿಗ್ಗು. ಮಳೆಗಾಲದಲ್ಲಿ ಕಟ್ಟಿಗೆ ರಾಶಿಗೆ ಹೊದೆಸುವ ದಪ್ಪ ಪ್ಲಾಸ್ಟಿಕ್ ತಂದು ಅದಕ್ಕೆ ಸುತ್ತಿದ, ಹಗ್ಗ ಬಿಗಿದ, ಕೋಣೆಗೆ ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಆಯುಧಪೂಜೆಗೆ ಒಮ್ಮೆ ಬಿಚ್ಚಿ ಕುಂಕುಮ ಹಚ್ಚಿದ್ದು, ಅಷ್ಟೇ. ಆಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಎಲ್ರೂ ಕೈ ಹಿಂದೆ ಕಟ್ಕಣಿ. ನೋಡೂದು ಮಾತ್ರ, ಮುಟ್ಟೂಕಾಗ" ಎಂದಿದ್ದ.

ವನಮಾಲಾ ಟೀಚರು ಕಂಪ್ಯೂಟರ್ ತರಬೇತಿ ಮುಗಿಸಿ ಬಂದವರು. ಕೀಲಿಗಾಗಿ ಅವನ ಮನೆಗೇ ಬಂದರು.

"ಮಕ್ಕಳು ಒತ್ತಿ ಒತ್ತಿ ಕೆಡಿಸ್ತ್ರು ಟೀಚರೇ. ಉಪ್ಪುಗಾಳಿ ಬೇರೆ. ಮೊದಲೇ ಹಳೇದು, ಹೋದ್ರೆ ಹೋಯ್ತು" ಎಂದ ಮಧುಕರ.

"ಹಾಗೆ ಕಟ್ಟಿಟ್ಟು ಎಂತ ಮಾಡ್ತ್ರಿ?"

"ನಮ್ ಶಾಲೆಲೂ ಕಂಪ್ಯೂಟರ್ ಇದೆ ಹೇಳಿ ಹೇಳೂಕಾದ್ರೂ ಆಗ್ತದಲ್ಲ."

ಟೀಚರು ನಕ್ಕರು, ಆದರೆ ಬರಿಗೈಯಲ್ಲೇ ವಾಪಸು ಹೋದರು.

ದೀಪಾವಳಿ ಕಳೆದ ಮೇಲೆ ಅಂಕೋಲೆಯ ಹೈಸ್ಕೂಲೊಂದರಲ್ಲಿ ಸುತ್ತಲಿನ ಊರುಗಳ ಮಕ್ಕಳಿಗೆ ಚಿತ್ರಕಲೆಯ ಸ್ಪರ್ಧೆ ನಡೆಯಿತು. ಚಿತ್ರ ಬಿಡಿಸುವುದರಲ್ಲಿ ಪ್ರೇಕ್ಷಾ ಊರಿಗೇ ಮುಂದು. ಕೈಯಲ್ಲಿ ಇದ್ದಿಲು ಸಿಕ್ಕಿದರೂ ಸಾಕು, ಗೋಡೆಯ ಮೇಲೆ ದೋಣಿ ತೇಲಿಸುತ್ತಿದ್ದಳು. ಮಧುಕರ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೆಮ್ಮೆಯಿಂದ ಹೊರಟ. ಅಲ್ಲಿ ಹೋಗಿ ನೋಡಿದರೆ ಚಿತ್ರ ಬಿಡಿಸಬೇಕಾದದ್ದು ಕಂಪ್ಯೂಟರಿನಲ್ಲಿ.

ಉಳಿದ ಮಕ್ಕಳು ಮೌಸ್ ಹಿಡಿದು ಶುರು ಮಾಡಿದರು. ಪ್ರೇಕ್ಷಾ ಮಾತ್ರ ಕೈ ಹಿಂದೆ ಕಟ್ಟಿಕೊಂಡು ನಿಂತೇ ಇದ್ದಳು. "ಕೂತ್ಕೋ ತಂಗಿ, ಮುಟ್ಟು" ಎಂದು ಅಲ್ಲಿಯ ಮಾಸ್ತರು ಎಷ್ಟು ಹೇಳಿದರೂ ತಲೆಯಾಡಿಸಿದಳು.

"ಮುಟ್ಟೂಕಾಗ ಸರ್. ಹಾಳಾಗ್ತದೆ."

ಕಿಟಕಿಯ ಹೊರಗೆ ನಿಂತಿದ್ದ ಮಧುಕರನಿಗೆ ಅದು ಕೇಳಿಸಿತು. ಅವನ ಮಾತೇ ಮಗಳ ಬಾಯಿಂದ ಬಂದಿತ್ತು. ಅವನು ಅಲ್ಲಿ ನಿಲ್ಲಲಾರದೆ ಗೇಟಿನ ಹತ್ತಿರ ಹೋಗಿ ನಿಂತ.

ವಾಪಸು ಬರುವಾಗ ಪ್ರೇಕ್ಷಾ ಬೈಕಿನಲ್ಲಿ ಬೆನ್ನ ಹಿಂದಿನಿಂದ ಮೆಲ್ಲಗೆ ಕೇಳಿದಳು: "ಅಪ್ಪಾ, ಬರೂ ಜೂನ್‌ನಲ್ಲಿ ನಾ ಇದೇ ಹೈಸ್ಕೂಲಿಗೆ ಬರೂದಲ್ದಾ? ಆಗ್ಲೂ ಹೀಂಗೇ ನಿಂತ್ಕಣೂದಾ?"

ಮಧುಕರ ಬೈಕಿನ ವೇಗ ಇಳಿಸಿದ. ಊರ ಶಾಲೆಯಲ್ಲಿ ಅವಳಿಗೆ ಉಳಿದದ್ದು ಇನ್ನು ಕೆಲವೇ ತಿಂಗಳು.

ಮನೆಯಲ್ಲಿ ಹೀರಾ ಎಲ್ಲ ಕೇಳಿಸಿಕೊಂಡು ಮಸಾಲೆ ಕೈಯಲ್ಲೇ ಎದ್ದು ಬಂದಳು. "ಮಿಕ್ಸರ್ ಅಟ್ಟದ ಮೇಲಿದ್ರೆ ನನ್ ರಟ್ಟೆ ನೋಯ್ತದೆ, ಅಷ್ಟೇ. ಶಾಲೆದ್ದು ಕಟ್ಟಿಟ್ರೆ ಊರ ಮಕ್ಕಳ ದಾರಿಗೇ ಅಡ್ಡ. ನಾಳೆ ಕೀಲಿ ಕೊಟ್ಟು ಬನ್ನಿ. ಇಲ್ದಿದ್ರೆ ಅಧ್ಯಕ್ಷಗಿರಿ ಬಿಟ್ಟು ಬನ್ನಿ."

ಮರುದಿನ ಮಧುಕರ ತಾನೇ ಹೋಗಿ ಹಗ್ಗ ಬಿಚ್ಚಿದ. ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ನೀರು ಬೆವರಿನಂತೆ ಕೂತಿತ್ತು. ವನಮಾಲಾ ಟೀಚರು ಕಂಪ್ಯೂಟರನ್ನು ಒರೆಸಿ, ಒಂದು ದಿನ ಗಾಳಿಗೆ ಬಿಟ್ಟು, ಆಮೇಲೆ ಸ್ವಿಚ್ ಒತ್ತಿದರು. ಕೀಂ ಕೀಂ ಎಂಬ ಸದ್ದು ಬಂತೇ ಹೊರತು ಪರದೆ ಕಪ್ಪಾಗಿಯೇ ಉಳಿಯಿತು. ಮಧುಕರ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತ.

"ಯಾರೂ ಮುಟ್ಲಿಲ್ಲ ಟೀಚರೇ. ಕಾದು ಕಾದು ನಾನೇ ಹಾಳು ಮಾಡ್ದೆ."

ಟೀಚರು ಅಂಕೋಲೆ ಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಸುಜಯನನ್ನು ಕರೆಸಿದರು. ಅವನು ಪ್ಲಗ್ಗು ಕಿತ್ತು, ಡಬ್ಬಿ ಬಿಚ್ಚಿ, ಒಳಗೆ ನೋಡಿ ನಕ್ಕ.

"ಮಧುಕರಣ್ಣ, ಸರಿ ಒಣಗದ ಮೀನನ್ನ ಪ್ಲಾಸ್ಟಿಕ್ ಚೀಲ್ದಲ್ಲಿ ಬಿಗಿ ಕಟ್ಟಿಟ್ರೆ ಎಂತ ಆಗ್ತದೆ?"

"ಬೂಸ್ಟು ಬತ್ತದೆ."

"ಇಲ್ಲೂ ಅದೇ ಆದದ್ದು. ಹೊರಗಿನ ಗಾಳಿ ಬರಬಾರ್ದು ಹೇಳಿ ಕಟ್ಟಿದ್ರಿ. ಒಳಗಿನ ತೇವ ಹೋಗೂಕೆ ದಾರಿ ಬೇಕಲ್ಲ?"

ಅವನು ಬೆರಳುದ್ದದ ಹಸಿರು ಪಟ್ಟಿಯೊಂದನ್ನು ಹೊರತೆಗೆದು, "ಇದು ಕಂಪ್ಯೂಟರಿನ ನೆನಪು. ಇದರ ಹಲ್ಲಿಗೆ ಕಿಲುಬು ಹಿಡಿದಿದೆ" ಎಂದ. ಆಮೇಲೆ ಬಾಗಿಲಲ್ಲಿ ಗುಂಪುಗೂಡಿದ್ದ ಮಕ್ಕಳ ಕಡೆ ತಿರುಗಿ, "ಯಾರ ಹತ್ರ ರಬ್ಬರ್ ಇದೆ?" ಎಂದು ಕೇಳಿದ. ಪ್ರೇಕ್ಷಾ ಕಂಪಾಸು ಪೆಟ್ಟಿಗೆಯಿಂದ ತನ್ನ ರಬ್ಬರ್ ತೆಗೆದುಕೊಟ್ಟಳು. ಪೆನ್ಸಿಲ್ ಗೆರೆ ಅಳಿಸಿದಂತೆ ಅವನು ಆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪಟ್ಟಿಯನ್ನು ಸ್ವಸ್ಥಾನಕ್ಕೆ ಕೂರಿಸಿ, ಪ್ಲಗ್ಗು ಹಾಕಿ ಸ್ವಿಚ್ ಒತ್ತಿದ. ಪರದೆ ಬೆಳಗಿತು. ಮಧುಕರನ ಕಣ್ಣಲ್ಲಿ ನೀರು ಬಂತು, ಅವನು ಅದನ್ನು ಅಡಗಿಸಲೂ ಇಲ್ಲ.

"ಇನ್ನು ದಿನಾ ಸ್ವಲ್ಪ ಹೊತ್ತು ಹಚ್ಚಿ" ಎಂದ ಸುಜಯ. "ಒಳಗೆ ಬಿಸಿ ಆದ್ರೆ ತೇವ ಆರ್ತದೆ. ರಜೆಲೂ ಆಗೀಗ ಬಂದು ಹಚ್ಚಿ. ಆರಿಸಿ ತಣಿದ ಮೇಲೆ ಮುಚ್ಚೂಕೆ ಒಂದು ಹತ್ತಿ ಬಟ್ಟೆ ಸಾಕು. ಗುಡುಗು ಬಂದ್ರೆ ಪ್ಲಗ್ಗು ಕಿತ್ತಿಡಿ."

"ಮತ್ತೆ ಮಕ್ಕಳು ತಪ್ಪು ಒತ್ತಿದ್ರೆ?"

"ಒತ್ತೂಕೇ ಇರೂದು ಅದು. ಹೆಚ್ಚಂದ್ರೆ ಕೀಲಿಮಣೆ ಹೋಗ್ತದೆ. ಬಳಸಿದ್ದು ಅಗ್ಗಕ್ಕೇ ಸಿಗ್ತದೆ."

"ಅಡ್ಡಿಲ್ಲ. ಶಾಲೆ ಹಿತ್ತಲ ಗೇರುಬೀಜ ಮಾರಿದ್ರೆ ಅಷ್ಟು ಬತ್ತದೆ" ಎಂದ ಮಧುಕರ. ಕೀಲಿಯನ್ನು ಉಡಿದಾರದಿಂದ ಬಿಚ್ಚಿ ಟೀಚರ ಕೈಗಿಟ್ಟ.

ಇರುವುದೊಂದೇ ಯಂತ್ರ, ಮಕ್ಕಳೋ ಒಂದು ಶಾಲೆಯಷ್ಟು. ವನಮಾಲಾ ಟೀಚರು ಮೂರು ಮೂರು ಮಕ್ಕಳನ್ನು ಕೂರಿಸಿದರು. ಒಬ್ಬರು ಮೌಸ್ ಹಿಡಿದರೆ ಇನ್ನೊಬ್ಬರು ಪರದೆಯಲ್ಲಿನ ಲೆಕ್ಕ ಓದಿ ಹೇಳುವುದು, ಮತ್ತೊಬ್ಬರು ಪಾಟಿಯಲ್ಲಿ ಬರೆದುಕೊಳ್ಳುವುದು, ಆಮೇಲೆ ಜಾಗ ಬದಲು. ಲೆಕ್ಕಕ್ಕೆ ಹೆದರುತ್ತಿದ್ದ ಮಕ್ಕಳೂ ಸರದಿಗಾಗಿ ಬೇಗ ಶಾಲೆಗೆ ಬರತೊಡಗಿದರು.

ಪರೀಕ್ಷೆಗೆ ಮೊದಲು ಒಂದು ದಿನ ಪಾಲಕರನ್ನೆಲ್ಲ ಕರೆದರು. ಪ್ರೇಕ್ಷಾ ಪರದೆಯ ಮೇಲೆ ದೋಣಿಯೊಂದನ್ನು ಬಿಡಿಸಿದ್ದಳು. ಮಧುಕರ ಹತ್ತಿರ ಬಂದು, ಅಭ್ಯಾಸದಂತೆ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ.

"ಅಪ್ಪಾ, ಕೈ ಮುಂದೆ ತಾ. ಮುಟ್ಟು, ಎಂತದೂ ಆಗೂದಿಲ್ಲ" ಎಂದಳು ಪ್ರೇಕ್ಷಾ.

ಅವನು ಅಳುಕುತ್ತ ಮೌಸಿನ ಮೇಲೆ ಕೈಯಿಟ್ಟ. ದೋಣಿಯ ಮೇಲಿನ ಆಕಾಶದಲ್ಲಿ ಸೊಟ್ಟ ಗೆರೆಯೊಂದು ಎದ್ದಿತು. ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ.

"ಹಾಳಾಯ್ತಾ ಮಗಳೇ?"

"ಇಲ್ಲ ಅಪ್ಪಾ" ಎಂದು ಅವಳು ನಕ್ಕು, ಒಂದೇ ಸಲ ಒತ್ತಿ ಅದನ್ನು ಅಳಿಸಿದಳು. "ಇನ್ನೊಂದ್ಸಲ ಮಾಡು."

ಆ ಸಂಜೆ ಮಧುಕರ ಅಟ್ಟ ಹತ್ತಿ ಮಿಕ್ಸರ್ ಇಳಿಸಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಶಾಲೆಯಲ್ಲೂ ಹೀಗೆ ಮುಸುಕು ಹೊದ್ದ ಕಂಪ್ಯೂಟರೋ ಟಿವಿಯೋ ರೇಡಿಯೋವೋ ಇರಬಹುದು. ದುಬಾರಿಯದೇ ಬೇಕೆಂದಿಲ್ಲ, ಹೊಸದೇ ಆಗಬೇಕೆಂದೂ ಇಲ್ಲ. ಇದ್ದದ್ದಕ್ಕೆ ಗಾಳಿ ಬೆಳಕು ಕೊಡಿ, ಮಕ್ಕಳ ಕೈ ತಾಗಲು ಬಿಡಿ. ನಾಳೆ ಮಕ್ಕಳನ್ನು ಶಾಲೆಗೆ ಬಿಡಲು ಹೋದಾಗ ಒಂದು ಮಾತು ಕೇಳಿ ಬನ್ನಿ: ಆ ಕೋಣೆಯ ಕೀಲಿ ಯಾರ ಉಡಿದಾರದಲ್ಲಿದೆ?